ಚೀಲಮೀಮಾಂಸೆ: ಊದ್ ಮೇಥಾ ಪ್ರಕರಣ

ಯಾವ ಶಾಸ್ತ್ರಕ್ಕೂ ನಾಲ್ಕು ಅನುಬಂಧಗಳು ಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಶಾಸ್ತ್ರದ ವಿಷಯ ವಿದ್ಯಾರ್ಥಿಯ ಹೆಗಲ ಮೇಲಿನ ಚೀಲ ಮತ್ತು ಅವನ ತಾಯಿಯ ಕೈಯ ಚೀಲ. ಪ್ರಯೋಜನವೆಂದರೆ ವಿದ್ಯಾರ್ಥಿ ಕ್ಷೇಮವಾಗಿದ್ದಾನೋ ಇಲ್ಲವೋ ಎಂಬುದನ್ನು ಅವನನ್ನು ಕೇಳದೆಯೇ ತಿಳಿಯುವುದು. ಇವೆರಡಕ್ಕೂ ಏನು ಸಂಬಂಧ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ. ಅಧಿಕಾರಿಯೆಂದರೆ ಈ ಗ್ರಂಥವನ್ನು ಓದುವ ಯೋಗ್ಯತೆ ಉಳ್ಳವನು: ಜೂನ್ ತಿಂಗಳ ಮಧ್ಯಾಹ್ನ ದುಬೈಯ ಊದ್ ಮೇಥಾದ ರಸ್ತೆಬದಿಯಲ್ಲಿ ಶಾಲಾ ಬಸ್ಸಿಗಾಗಿ ಹತ್ತು ನಿಮಿಷ ನಿಂತವನು. ಮಿಕ್ಕವರೂ ಓದಬಹುದು, ಬೆವರದೆ ಓದಿದ್ದು ಅರ್ಥವಾಗದಿದ್ದರೆ ಗ್ರಂಥಕರ್ತ ಹೊಣೆಯಲ್ಲ.

ಕೇಳಿ ತಿಳಿಯುವ ಮಾರ್ಗವನ್ನು ಪೂರ್ವಾಚಾರ್ಯರು ಆಗಲೇ ಹಿಡಿದು ನೋಡಿದ್ದಾರೆ. ಸಂಯುಕ್ತ ಅರಬ್ ಎಮಿರೇಟ್ಸ್ ದೇಶದಲ್ಲಿ 2016ರಲ್ಲಿ ಸಂತೋಷಕ್ಕೆಂದೇ ಒಬ್ಬ ಸಚಿವರನ್ನು ನೇಮಿಸಲಾಯಿತು. ಮರುವರ್ಷ ದುಬೈಯ ಶಿಕ್ಷಣ ಪ್ರಾಧಿಕಾರ ದಕ್ಷಿಣ ಆಸ್ಟ್ರೇಲಿಯಾ ಸರಕಾರದ ಜೊತೆ ಸೇರಿ ವಿದ್ಯಾರ್ಥಿಗಳ ಕ್ಷೇಮದ ಗಣತಿಯನ್ನೇ ಶುರುಮಾಡಿತು. ಜನಗಣತಿ, ಜಾನುವಾರು ಗಣತಿಗಳನ್ನು ಕಂಡ ನಮಗೆ ಕ್ಷೇಮಗಣತಿ ಹೊಸದು. ರಾತ್ರಿ ನಿದ್ದೆ ಬಂತೇ, ಬೆಳಗಿನ ತಿಂಡಿ ತಿಂದೆಯಾ, ಶಾಲೆಯಲ್ಲಿ ನಿನ್ನವರು ಎನ್ನುವವರು ಇದ್ದಾರೆಯೇ ಎಂಬಂಥ ಪ್ರಶ್ನೆಗಳು. ಪ್ರಶ್ನೆಗಳ ಬಗ್ಗೆ ನಮ್ಮ ತಕರಾರಿಲ್ಲ, ಒಳ್ಳೆಯ ಪ್ರಶ್ನೆಗಳೇ. ತೊಂದರೆಯಿರುವುದು ಮನೆಯಲ್ಲಿ ಅದನ್ನೇ ಅಮ್ಮ ಕೇಳಿದಾಗ.

"ಶಾಲೆ ಹೇಗಿತ್ತೋ?"

"ಓಕೆ."

"ಊಟ ಮಾಡಿದೆಯಾ?"

"ಓಕೆ."

"ಗಣಿತದ ಪೇಪರ್ ಕೊಟ್ರಾ?"

ಇದಕ್ಕೆ ಉತ್ತರ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು. ಶಬ್ದಪ್ರಮಾಣ ಇಲ್ಲಿ ಕೈಕೊಟ್ಟಿತು. ಉಳಿದದ್ದು ಪ್ರತ್ಯಕ್ಷ ಮತ್ತು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕರ ದಾರಿಯಲ್ಲೇ ನಾವು ಸೋಫಾದ ಮೇಲೆ ಬಿಸಾಡಿದ ಚೀಲವನ್ನು ಕಂಡು ಹುಡುಗನನ್ನು ಊಹಿಸುತ್ತೇವೆ.

ಕ್ಷೇತ್ರನಿರ್ಣಯ

ಊದ್ ಮೇಥಾ ದುಬೈ ಕ್ರೀಕಿನ ಈಚೆಯ ಬದಿಯ ಬಡಾವಣೆ. ಒಂದು ಪಕ್ಕಕ್ಕೆ ಕರಾಮಾ, ಇನ್ನೊಂದಕ್ಕೆ ಹೆಲ್ತ್‌ಕೇರ್ ಸಿಟಿ. ಅಂದರೆ ಒಂದು ಕಡೆ ಮಸಾಲೆ ದೋಸೆ, ಮತ್ತೊಂದು ಕಡೆ ಅದರ ಪರಿಹಾರ. ಈ ಶಾಸ್ತ್ರಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಸಿಗುವುದಿಲ್ಲ. ಏಕೆಂದರೆ ಇದು ಹಳೆಯ ಶಾಲೆಗಳ ಬಡಾವಣೆ. 1961ರ ಇಂಡಿಯನ್ ಹೈಸ್ಕೂಲ್, 1963ರ ದುಬೈ ಇಂಗ್ಲಿಷ್ ಸ್ಪೀಕಿಂಗ್ ಸ್ಕೂಲ್, 1968ರ ಸೇಂಟ್ ಮೇರೀಸ್ ಕ್ಯಾಥೊಲಿಕ್ ಹೈಸ್ಕೂಲ್, ಮೂರೂ ಇಲ್ಲಿವೆ. ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ದೇಶ ಹುಟ್ಟಿದ್ದು 1971ರಲ್ಲಿ. ಹೀಗಾಗಿ ಈ ಮೂರು ಶಾಲೆಗಳ ಹಾಜರಿ ಪುಸ್ತಕಕ್ಕೆ ದೇಶಕ್ಕಿಂತ ಹೆಚ್ಚು ವಯಸ್ಸು. ಬೆಳಿಗ್ಗೆ ಏಳರ ಹೊತ್ತಿಗೆ ಇಲ್ಲಿ ಹಳದಿ ಬಸ್ಸುಗಳ ಸಾಲು ನೋಡಿದವರಿಗೆ ಚೀಲಗಳ ಸಾಂದ್ರತೆಯಲ್ಲಿ ಈ ಬಡಾವಣೆಯನ್ನು ಮೀರಿಸುವುದು ಕಷ್ಟ ಎಂದು ಮನವರಿಕೆಯಾಗುತ್ತದೆ.

ಕನ್ನಡಿಗರಿಗೆ ಈ ಕ್ಷೇತ್ರ ಇನ್ನೊಂದು ಕಾರಣಕ್ಕೆ ಪರಿಚಿತ. ಇಂಡಿಯನ್ ಹೈಸ್ಕೂಲಿನ ಶೇಖ್ ರಾಶಿದ್ ಸಭಾಂಗಣದಲ್ಲಿ ಕನ್ನಡ, ತುಳು ಕಾರ್ಯಕ್ರಮಗಳು ನಡೆಯುವುದುಂಟು. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದಾಗ ಒಳಗೆ ಏರ್‌ಕಂಡಿಷನಿನ ಚಳಿಯಲ್ಲಿ ಚೆಂಡೆಯ ಪೆಟ್ಟು ಕೇಳಿದವರಿದ್ದಾರೆ. ಮೊದಲು ಇಲ್ಲಿ ಲ್ಯಾಮ್ಸಿ ಪ್ಲಾಜಾ ಎಂಬ ಮಾಲ್ ಕೂಡ ಇತ್ತು. 2017ರ ಬೆಂಕಿಯ ನಂತರ ಅದು ಮುಚ್ಚಿತು. ಸ್ಕೂಲು ಬ್ಯಾಗು, ಶೂ, ಕಂಪಾಸು ಪೆಟ್ಟಿಗೆ ಎಂದು ಏಪ್ರಿಲ್‌ನಲ್ಲಿ ಅಲ್ಲಿ ಅಲೆದ ತಂದೆತಾಯಂದಿರಿಗೆ ಈಗ ಕರಾಮಾ ಗತಿ, ಇಲ್ಲವೇ ಮೊಬೈಲು ಗತಿ.

ಕ್ಷೇಮಲಕ್ಷಣ

ಕ್ಷೇಮಕ್ಕೆ ಲಕ್ಷಣ ಹೇಳುವುದು ಸುಲಭವಲ್ಲ. "ಒಳ್ಳೆಯ ಅಂಕ ಬಂದವನು ಕ್ಷೇಮ" ಎನ್ನುತ್ತದೆ ಪಿತೃಮತ. ತೊಂಬತ್ತೇಳು ತೆಗೆದು, ಹೋದ ಮೂರು ಎಲ್ಲಿ ಹೋದವೆಂದು ಉಗುರು ಕಚ್ಚುತ್ತ ಕೂತವನಿಗೂ ಈ ಲಕ್ಷಣ ತಗಲುತ್ತದೆ, ಆದ್ದರಿಂದ ಅತಿವ್ಯಾಪ್ತಿ ದೋಷ. "ಹೊಟ್ಟೆ ತುಂಬ ತಿಂದವನು ಕ್ಷೇಮ" ಎನ್ನುವುದು ಅಜ್ಜಿಯರ ಮತ. ರಜೆಗೆ ಊರಿಗೆ ಹೋದಾಗ ಮೊಮ್ಮಗನನ್ನು ಕಂಡ ಕೂಡಲೇ "ಎಷ್ಟು ಸೊರಗಿದ್ದಿ ಮಗಾ" ಎಂದು ಶುರುವಾಗುವ ಈ ಮತಕ್ಕೆ ಸಣ್ಣ ಹೊಟ್ಟೆಯ ಕ್ಷೇಮಿಗಳು ಹೊರಗಾಗುತ್ತಾರೆ, ಇದು ಅವ್ಯಾಪ್ತಿ. "ಯಾವ ನೋವೂ ಇಲ್ಲದವನು ಕ್ಷೇಮ" ಎಂಬುದು ವೈದ್ಯಮತ. ಪರೀಕ್ಷೆಯ ಬೆಳಿಗ್ಗೆ ಆರು ಗಂಟೆಗೆ ಹೊಟ್ಟೆನೋವು ಬಾರದ ವಿದ್ಯಾರ್ಥಿ ಮೂರು ಲೋಕದಲ್ಲೂ ಇಲ್ಲವಾದ್ದರಿಂದ ಇದು ಅಸಂಭವ.

ಹಾಗಾದರೆ ಸಿದ್ಧಾಂತ: ಯಾವ ಚೀಲವು ನೀರಿನ ಬಾಟಲಿ ಬರಿದಾಗಿ, ತಿಂಡಿಯ ಡಬ್ಬಿ ಬರಿದಾಗಿ, ಪಠ್ಯವಲ್ಲದ ಒಂದು ಪುಸ್ತಕ ಅರ್ಧ ಓದಿ ಮಡಚಿಟ್ಟ ಸ್ಥಿತಿಯಲ್ಲಿ ಮನೆಗೆ ಮರಳುತ್ತದೋ, ಆ ಚೀಲದವನು ಅಂದಿನ ಮಟ್ಟಿಗೆ ಕ್ಷೇಮ. ನಾಳೆಯದು ನಾಳೆ.

ನೀರಿನ ಮಾತು ಮೊದಲು. ಈ ಊರಿನಲ್ಲಿ ಕುಡಿಯುವ ನೀರೆಂದರೆ ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಬೇಸಿಗೆಯಲ್ಲಿ ಕಟ್ಟಡದ ಮೇಲಿನ ಟ್ಯಾಂಕು ಕಾದು, ನಲ್ಲಿಯ 'ತಣ್ಣೀರು' ಸ್ನಾನಕ್ಕೆ ಸುಡುತ್ತದೆ. ಆಗ ಇಲ್ಲಿನ ಹಳಬರು ಗೀಸರಿನ ಸ್ವಿಚ್ಚು ಆರಿಸಿ ಗೀಸರಿನ ನೀರನ್ನೇ ತಣ್ಣೀರೆಂದು ಬಳಸುತ್ತಾರೆ. ಒಳಗೆ ಏಸಿಯ ತಂಪಿನಲ್ಲಿ ನೇತಾಡುವ ಆ ಟ್ಯಾಂಕಿನ ನೀರೇ ಮನೆಯಲ್ಲೆಲ್ಲ ತಂಪು. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು, ತಣ್ಣೀರಿನದು ತಿರುಗಿಸಿದರೆ ಬಿಸಿನೀರು: ಇಂಥ ಅನಿರ್ವಚನೀಯ ಜಗತ್ತಿನಲ್ಲಿ ಬೆಳೆದ ಮಗು ಸ್ವಲ್ಪ ವೇದಾಂತಿಯಾಗಿಯೇ ಇರುತ್ತದೆ. 2022ರ ಫೆಬ್ರುವರಿಯಲ್ಲಿ 'ದುಬೈ ಕ್ಯಾನ್' ಎಂಬ ಹೆಸರಿನಲ್ಲಿ ಊರೊಳಗೆ ಅಲ್ಲಲ್ಲಿ ಬಾಟಲಿ ತುಂಬಿಸಿಕೊಳ್ಳುವ ಪುಕ್ಕಟೆ ನೀರಿನ ತಾಣಗಳು ಶುರುವಾದವು. ಅಂದಿನಿಂದ ಸ್ಟೀಲಿನ ಬಾಟಲಿ ಹಿಡಿಯುವುದು ಮರ್ಯಾದೆಯ ಸಂಗತಿಯಾಯಿತು. ಮರ್ಯಾದೆ ಹೆಚ್ಚಾಗಿ, ಗೆಳೆಯನದು ನೀಲಿ ಎಂಬ ಕಾರಣಕ್ಕೆ ಒಂದೇ ವರ್ಷದಲ್ಲಿ ಎರಡನೆಯ ಸ್ಟೀಲಿನ ಬಾಟಲಿ ಕೊಂಡವರೂ ಇದ್ದಾರೆ. ಪ್ಲಾಸ್ಟಿಕ್ ಉಳಿಯಿತು, ಸ್ಟೀಲು ಖರ್ಚಾಯಿತು.

ಡಬ್ಬಿಯ ವಿಚಾರದಲ್ಲಿ ಎಚ್ಚರ ಬೇಕು. ಡಬ್ಬಿ ಬರಿದಾಗುವುದು ಎರಡು ಬಗೆ: ಸ್ವಭುಕ್ತ ಮತ್ತು ಪರಭುಕ್ತ. ಎರಡನೆಯದನ್ನು ನೋಡಿ ತಾಯಂದಿರು ಗಾಬರಿಯಾಗುವುದುಂಟು. ನೀರುದೋಸೆ ಕೊಟ್ಟು ಮಲಪ್ಪುರದ ಹುಡುಗನ ಪತ್ತಿರಿ, ಚಿತ್ರಾನ್ನ ಕೊಟ್ಟು ಲಾಹೋರಿನ ಹುಡುಗಿಯ ಪರಾಠಾ ತಂದವನು ಶಾಸ್ತ್ರದ ಪ್ರಕಾರ ಉತ್ತಮಕ್ಷೇಮಿ. ಅವನಿಗೆ ನಿನ್ನವರು ಇದ್ದಾರೆಯೇ ಎಂಬ ಗಣತಿಯ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಡಬ್ಬಿ ತುಂಬಿಯೇ ಮರಳಿದರೆ ಮಾತ್ರ ಆ ಸಂಜೆ ಅಮ್ಮ ಚಹಾ ಹಿಡಿದು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಪ್ರಶ್ನೆ ಕೇಳಬಾರದು, ಕೇಳಿದರೆ ಓಕೆ ಬರುತ್ತದೆ.

ಕ್ಷೇಮಕ್ಕೆ ಬೇಕಾದರೂ ಚೀಲದಲ್ಲಿ ಕಾಣದ ಬಿಸಿಲಿನದು ವಿಚಿತ್ರ. ವರ್ಷವಿಡೀ ಸೂರ್ಯ ಉರಿಯುವ ಈ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಮನೆಮನೆಯ ಸಮಾಚಾರ. ಮನೆಯಿಂದ ಲಿಫ್ಟು, ಲಿಫ್ಟಿನಿಂದ ಬಸ್ಸು, ಬಸ್ಸಿನಿಂದ ತರಗತಿ. ಮಗುವಿನ ಮೈಗೆ ಸೂರ್ಯ ತಾಗುವ ಸಂದರ್ಭ ಎಲ್ಲಿದೆ? ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನ ಕೂಲಿ ಕೆಲಸವನ್ನೇ ಸರಕಾರ ನಿಲ್ಲಿಸುತ್ತದೆ. ಅಂಥಾದ್ದರಲ್ಲಿ ಆಟಕ್ಕೆ ಹೋಗು ಎನ್ನುವುದಕ್ಕೂ ಬಾಯಿ ಬಾರದು. ಆದ್ದರಿಂದ ಇಲ್ಲಿ ಆಟದ ಋತು ತಿರುಗುಮುರುಗು: ಊರಿನ ಮಕ್ಕಳು ಬೇಸಿಗೆಯಲ್ಲಿ ಮೈದಾನ ಸೇರಿದರೆ ಇಲ್ಲಿಯವರು ನವೆಂಬರಿಗೆ ಕಾಯುತ್ತಾರೆ. ಉಳಿದ ತಿಂಗಳಿಗೆ 1979ರ ಅಲ್ ನಸ್ರ್ ಲೀಷರ್‌ಲ್ಯಾಂಡ್ ಇತ್ತು, ಒಳಗೆ ಮಂಜುಗಡ್ಡೆಯ ಅಂಗಳದೊಂದಿಗೆ. ಕುಂದಾಪುರದ ಮಗು ಜೀವನದಲ್ಲಿ ಮೊದಲು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದದ್ದು ಮರುಭೂಮಿಯಲ್ಲಿ ಎಂಬುದನ್ನು ಮುಂದಿನ ಇತಿಹಾಸಕಾರರು ನಂಬದಿರಬಹುದು.

ಹೆಗಲ ಚೀಲದ ಪ್ರಭೇದಗಳನ್ನು ಬೇಗ ಮುಗಿಸುತ್ತೇನೆ. ಚಕ್ರಿ, ಉಭಯಸ್ಕಂಧಿ, ಏಕಸ್ಕಂಧಿ. ಅಪ್ಪ ಒಮ್ಮೆ ಚೀಲವನ್ನು ಎತ್ತಿ ನೋಡಿದ ಮನೆಯಲ್ಲಿ ಚಕ್ರದ ಚೀಲ ಬರುತ್ತದೆ. ಎರಡೂ ಪಟ್ಟಿ ಹಾಕಿಕೊಂಡವನು ಪ್ರಾಥಮಿಕ ಶಾಲೆಯವನು. ಒಂದೇ ಪಟ್ಟಿಗೆ ಇಳಿದ ದಿನ ಮಗು ದೊಡ್ಡದಾಯಿತೆಂದು ತಿಳಿಯಬೇಕು, ಬೆನ್ನುನೋವಿಗೂ ತಯಾರಿರಬೇಕು. ಭಾರತ ಸರಕಾರದ 2020ರ ಶಾಲಾಚೀಲ ನೀತಿಯಂತೆ ಚೀಲದ ಭಾರ ಮಗುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದು. ಮೂವತ್ತು ಕಿಲೋ ಮಗುವಿಗೆ ಮೂರು ಕಿಲೋ. ನೀರಿನ ಬಾಟಲಿ, ಡಬ್ಬಿ, ಪೆನ್ಸಿಲ್ ಪೆಟ್ಟಿಗೆ, ಎರಡು ಜಾಮಿಟ್ರಿ ಕಂಪಾಸು ಹಾಕಿದ ಮೇಲೆ ಉಳಿದ ಜಾಗ ವಿದ್ಯೆಗೆ.

ಕರ್ಮಚೀಲ

ಈಗ ಶಾಸ್ತ್ರದ ಹೃದಯಭಾಗ. ಅಂಗಡಿಯ ಚೀಲ ಮೂರು ಬಗೆ: ಸಂಚಿತ, ಪ್ರಾರಬ್ಧ, ಆಗಾಮಿ.

ಅಡುಗೆಮನೆಯ ಬಾಗಿಲ ಹಿಂದೆ, ಸಿಂಕಿನ ಕೆಳಗೆ, ಕಾರಿನ ಡಿಕ್ಕಿಯಲ್ಲಿ ಒಂದರೊಳಗೊಂದು ತುರುಕಿಕೊಂಡು ಕೂತ ಚೀಲಗಳು ಸಂಚಿತ. ಇವು ಎಷ್ಟು ಜನ್ಮಗಳಿಂದ ಬಂದವೋ ಯಾರೂ ಎಣಿಸಿಲ್ಲ. ಅಂಗಡಿಯಿಂದ ಮನೆಗೆ ಬರುವ ಹಾದಿಯಲ್ಲಿ ಕೈಬೆರಳನ್ನು ಕೊಯ್ಯುತ್ತಿರುವುದು ಪ್ರಾರಬ್ಧ. ಫಲ ಕೊಡಲು ಶುರುಮಾಡಿದೆ, ಅನುಭವಿಸದೆ ವಿಧಿಯಿಲ್ಲ. ಸಂಚಿತವನ್ನು ಮನೆಯಲ್ಲೇ ಮರೆತು ಬಂದು ಕೌಂಟರಿನಲ್ಲಿ ಈಗ ಕೊಳ್ಳಬೇಕಾದದ್ದು ಆಗಾಮಿ. ಆಗಾಮಿ ಮನೆಗೆ ಬಂದೊಡನೆ ಸಂಚಿತಕ್ಕೆ ಸೇರುತ್ತದೆ. ಈ ಚಕ್ರದಿಂದ ಬಿಡುಗಡೆ ಹೇಗೆ ಎಂಬುದೇ ಪ್ರಶ್ನೆ.

ದುಬೈಯ ದೊರೆಗಳು ಇದಕ್ಕೆ ಕ್ರಮಮುಕ್ತಿಯ ಮಾರ್ಗ ಹಾಕಿಕೊಟ್ಟರು. 2022ರ ಜುಲೈ 1ರಿಂದ ಒಮ್ಮೆ ಬಳಸುವ ಚೀಲಕ್ಕೆ 25 ಫಿಲ್ಸ್ ಶುಲ್ಕ. ಅಬುಧಾಬಿ ಅದಕ್ಕೂ ಒಂದು ತಿಂಗಳು ಮೊದಲೇ, ಜೂನ್ 1ರಂದು, ಒಂದೇ ಏಟಿಗೆ ನಿಷೇಧಿಸಿತ್ತು. 2024ರ ಜನವರಿ 1ಕ್ಕೆ ದುಬೈಯಲ್ಲೂ ಒಮ್ಮೆ ಬಳಸುವ ಪ್ಲಾಸ್ಟಿಕ್ ಚೀಲ ನಿಷೇಧ, ಅದೇ ವರ್ಷದ ಜೂನ್ 1ಕ್ಕೆ ಕಾಗದವೋ ಇನ್ನೊಂದೋ, ಒಮ್ಮೆ ಬಳಸುವ ಚೀಲ ಯಾವುದಾದರೂ ನಿಷೇಧ. 2025ರ ಜನವರಿಯಲ್ಲಿ ಥರ್ಮಾಕೋಲ್ ಲೋಟ, ಸ್ಟ್ರಾ, ಕಲಕುವ ಕಡ್ಡಿಗಳೂ ಹೋದವು.

25 ಫಿಲ್ಸ್ ಎಂದರೆ ಒಂದು ದಿರ್ಹಮಿನ ಕಾಲುಭಾಗ, ನಮ್ಮ ಐದಾರು ರೂಪಾಯಿ. ಸಾವಿರಾರು ದಿರ್ಹಂ ಬಾಡಿಗೆ ಕಟ್ಟುವವರಿಗೆ ಅದು ಲೆಕ್ಕವೇ? ಆದರೆ ಆ ನಾಣ್ಯ ಮಾಡಿದ ಕೆಲಸ ಪೋಸ್ಟರುಗಳು ಮಾಡಿರಲಿಲ್ಲ. "ಬ್ಯಾಗ್ ಬೇಕಾ ಮೇಡಂ?" ಎಂದು ಕ್ಯಾಷಿಯರ್ ಕೇಳಿದ ಕೂಡಲೇ ಬೆಂಗಳೂರಿನವರು ಕವರ್ ಎಂದೂ ಮಂಗಳೂರಿನವರು ತೊಟ್ಟೆ ಎಂದೂ ಕರೆಯುವ ಆ ವಸ್ತುವಿಗೆ ಮೊದಲ ಬಾರಿ ಬೆಲೆ ಬಂತು. ಆರು ಮೊಟ್ಟೆ, ಎರಡು ಲೀಟರ್ ಲಾಬಾನ್, ಕೊತ್ತಂಬರಿ ಕಟ್ಟುಗಳನ್ನು ಎದೆಗೊತ್ತಿಕೊಂಡು ರಸ್ತೆ ದಾಟಿದವರನ್ನು ಆ ಕಾಲದಲ್ಲಿ ಊದ್ ಮೇಥಾ ಕಂಡಿದೆ. ಅದರಲ್ಲಿ ಪರಿಸರಪ್ರೇಮ ಎಷ್ಟು, ಛಲ ಎಷ್ಟು ಎಂದು ಬೇರ್ಪಡಿಸಲಾಗದು.

ಆದರೆ ವಿನಾಯಿತಿಗಳನ್ನು ನೋಡಿ. ತರಕಾರಿ ಹಾಕುವ ತೆಳು ಚೀಲದ ಸುರುಳಿಗೂ ಕಸದ ಚೀಲಕ್ಕೂ ನಿಷೇಧ ಅನ್ವಯಿಸದು. ಹಿಂದೆ ಪುಕ್ಕಟೆ ಬಂದ ತೊಟ್ಟೆ ಸಾಮಾನು ತಂದು, ಒಂದೆರಡು ದಿನ ಮೂಲೆಯಲ್ಲಿ ತಪಸ್ಸು ಮಾಡಿ, ಕಸದ ಡಬ್ಬಿಗೆ ಹೊದಿಕೆಯಾಗಿ, ಕಟ್ಟಡದ ಕಸದ ಕೊಳವೆಯಲ್ಲಿ ಜಾರಿ ಮುಕ್ತಿ ಪಡೆಯುತ್ತಿತ್ತು. ಈಗ ಕಸಕ್ಕೆಂದೇ ಕಪ್ಪು ಚೀಲದ ಸುರುಳಿ ಕೊಳ್ಳುತ್ತೇವೆ. ಎರಡು ಕೆಲಸ ಮಾಡುತ್ತಿದ್ದವನನ್ನು ಓಡಿಸಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಂತೆ ಇಬ್ಬರನ್ನು ಇಟ್ಟುಕೊಂಡ ಹಾಗಾಯಿತು ಎಂದು ಪೂರ್ವಪಕ್ಷಿ ವಾದಿಸಬಹುದು. ವಾದದಲ್ಲಿ ಹುರುಳಿದೆ. ಆದರೂ ಮರುಭೂಮಿಯ ಮುಳ್ಳುಗಿಡಗಳಿಗೆ ಸಿಕ್ಕಿಕೊಂಡು ಹಾರಾಡುವ ತೊಟ್ಟೆಗಳನ್ನು, ಅವನ್ನು ತಿಂದ ಒಂಟೆಗಳ ಪಾಡನ್ನು ನೆನೆದರೆ ನಿಷೇಧದ ಪಕ್ಷವೇ ಗೆಲ್ಲಬೇಕು.

ಇನ್ನು ಬಟ್ಟೆಯ ಚೀಲ. ಇದರಷ್ಟು ಪುಣ್ಯವಂತ ವಸ್ತು ಬೇರಿಲ್ಲವೆಂದು ಎಲ್ಲರ ನಂಬಿಕೆ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಇದರ ಲೆಕ್ಕ ಹಾಕಿತು. ಹತ್ತಿ ಬೆಳೆಯಲು ಬೇಕಾದ ನೀರು, ಗೊಬ್ಬರ, ಕರೆಂಟು ಎಲ್ಲ ಸೇರಿಸಿ, ಒಂದು ಹತ್ತಿಯ ಚೀಲ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸಮ ಎನಿಸಬೇಕಾದರೆ, ಹವಾಮಾನ ಒಂದನ್ನೇ ನೋಡಿದರೂ 52 ಬಾರಿ, ಎಲ್ಲ ಬಗೆಯ ಹಾನಿಗಳನ್ನೂ ನೋಡಿದರೆ 7,100 ಬಾರಿ ಬಳಸಬೇಕು. ಸಾವಯವ ಹತ್ತಿಯದಾದರೆ 20,000 ಬಾರಿ. ವಾರಕ್ಕೆರಡು ಸಲ ಅಂಗಡಿಗೆ ಹೋಗುವ ಸಂಸಾರಕ್ಕೆ ಮೊದಲನೆಯ ಚೀಲ 68 ವರ್ಷ ಬಾಳಬೇಕು, ಸಾವಯವದ್ದು 192 ವರ್ಷ. ಅಂದರೆ ಚೀಲವನ್ನು ಆಸ್ತಿಯ ವಿಭಾಗಪತ್ರದಲ್ಲಿ ಕಾಣಿಸಬೇಕು. ಆದರೆ ನಡೆಯುವುದೇನು? ಬ್ಯಾಂಕಿನವರು ಒಂದು, ವಸ್ತುಪ್ರದರ್ಶನದವರು ಒಂದು, ರಾಜ್ಯೋತ್ಸವದವರು ಹಳದಿಕೆಂಪು ಅಂಚಿನದೊಂದು ಕೊಟ್ಟು, ಮನೆಯಲ್ಲಿ ಇಪ್ಪತ್ತು ಸೇರಿ, ಎಲ್ಲವೂ ಎಂಟು ಹತ್ತು ಸಲ ಹೊರಗೆ ಹೋಗಿ ಬಂದು ಸಂಚಿತದಲ್ಲಿ ಲೀನ.

ಈ ಲೆಕ್ಕದಲ್ಲಿ ಪಾಸಾಗುವ ಚೀಲ ನಮ್ಮಲ್ಲಿ ಒಂದೇ, ಮದುವೆಯ ತಾಂಬೂಲದ ಚೀಲ. ಅದನ್ನು ಯಾರೂ ಕೊಂಡದ್ದಲ್ಲ, ತೆಂಗಿನಕಾಯಿಯೊಂದಿಗೆ ಕೈಗೆ ಬಂದದ್ದು. ಮೇಲೆ ವಧೂವರರ ಹೆಸರು, ಕಲ್ಯಾಣಮಂಟಪದ ಹೆಸರು, ತಾರೀಖು. ಆ ದಂಪತಿಗೆ ಮಕ್ಕಳಾಗಿ ಮಕ್ಕಳು ಶಾಲೆ ಸೇರಿದ ಮೇಲೂ ಆ ಚೀಲ ಊದ್ ಮೇಥಾದ ಯಾವುದೋ ಶಾಲೆಯ ಊಟದ ಹೊತ್ತಿಗೆ ಡಬ್ಬಿ ಹೊತ್ತು ಬರುತ್ತದೆ. "ಇವರು ಯಾರು?" ಎಂದು ಗೆಳತಿ ಅದರ ಮೇಲಿನ ಹೆಸರು ತೋರಿಸಿ ಕೇಳಿದರೆ ಹುಡುಗಿಗೆ ಮುಜುಗರ. "ಅಮ್ಮನ ಚಿಕ್ಕಮ್ಮನ ಮಗಳ ಮೈದುನ" ಎಂದು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ವಿದ್ಯಾರ್ಥಿ ತಾನೇ ಗಿರಾಕಿಯಾಗುವ ಸಂದರ್ಭಗಳಲ್ಲಿ ಒಂದನ್ನು ಮಾತ್ರ ಹೇಳಬೇಕು. ರಾತ್ರಿ ಒಂಬತ್ತೂವರೆ.

"ಅಮ್ಮಾ, ನಾಳೆ ಪ್ರಾಜೆಕ್ಟ್ ಇದೆ."

"ಯಾವಾಗ ಹೇಳಿದ್ದು ಟೀಚರ್?"

"ಹೋದ ವಾರ."

ಕಟ್ಟಡದ ಕೆಳಗಿನ ಗ್ರೋಸರಿಗೆ ಫೋನು ಹೋಗುತ್ತದೆ. ಕಾಸರಗೋಡಿನ ಇಕ್ಕ ಪಕ್ಕದ ಸ್ಟೇಷನರಿಯಿಂದ ತರಿಸಿ ಕಳಿಸುತ್ತಾನೆ: ಥರ್ಮಾಕೋಲ್ ಹಾಳೆ ಎರಡು, ಹೊಳೆಯುವ ಪುಡಿ, ಅಂಟು, ಪ್ಲಾಸ್ಟಿಕ್ ಮರಗಳ ಒಂದು ಪ್ಯಾಕೆಟು. ಹನ್ನೊಂದು ಗಂಟೆಗೆ ಅಪ್ಪ ಕತ್ತರಿಸುತ್ತಾನೆ, ಅಮ್ಮ ಅಂಟಿಸುತ್ತಾಳೆ, ವಿದ್ಯಾರ್ಥಿ ಮಲಗಿರುತ್ತಾನೆ. ಪ್ರಾಜೆಕ್ಟಿನ ವಿಷಯ: ಪರಿಸರ ಉಳಿಸಿ. ಹೀಗೆ ಹಸಿರನ್ನು ಕೊಂಡು ಕಾಪಾಡುವವರನ್ನು ಶಾಸ್ತ್ರ ಕ್ರಯಹರಿತರು ಎನ್ನುತ್ತದೆ. ಬಿದಿರಿನ ಬ್ರಷ್ಷು, ನೆಟ್ಟರೆ ಮೊಳೆಯುವ ಪೆನ್ಸಿಲ್, ಮರುಬಳಕೆ ಕಾಗದದ ಡೈರಿ ಕೊಳ್ಳುವವರೂ ಇದೇ ವರ್ಗ. ಡೈರಿಯ ಮೂರನೆಯ ಪುಟದಾಚೆಗೆ ಕಾಗದಕ್ಕೆ ಮರುಬಳಕೆ ಇಲ್ಲ.

ಓದುಗರ ಭೇದ

ಕ್ಷೇಮದ ಚೀಲದಲ್ಲಿ ಬಾಕಿ ಉಳಿದದ್ದು ಪುಸ್ತಕ. ಓದಿಗೂ ಈ ನಾಡು ಕಾನೂನು ಮಾಡಿದೆ. 2016 ಇಲ್ಲಿ ಓದಿನ ವರ್ಷ. ಅದೇ ವರ್ಷ ಬಂದ ಓದಿನ ಕಾಯಿದೆಯಲ್ಲಿ ಸರಕಾರಿ ನೌಕರರಿಗೆ ಕೆಲಸದ ಹೊತ್ತಿನಲ್ಲೇ ಓದಲು ಸಮಯ, ಎಮಿರಾತಿ ಶಿಶುಗಳಿಗೆ ಪುಸ್ತಕದ ಚೀಲ. ಹುಟ್ಟುವಾಗಲೇ ಚೀಲ! ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಡ.

ಊದ್ ಮೇಥಾ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮೂರನೆಯದು ಕ್ರೀಕ್ ನಿಲ್ದಾಣ. ನೋಲ್ ಎಂಬ ಪ್ರಯಾಣದ ಕಾರ್ಡಿನಲ್ಲಿ ವಿದ್ಯಾರ್ಥಿಗೆ ಅರ್ಧ ದರ. ಆ ನಿಲ್ದಾಣದ ಬಳಿ 2022ರ ಜೂನ್‌ನಲ್ಲಿ ತೆರೆದ ಮೊಹಮ್ಮದ್ ಬಿನ್ ರಾಶಿದ್ ಗ್ರಂಥಾಲಯವಿದೆ, ಏಳು ಮಹಡಿ, ಹತ್ತು ಲಕ್ಷಕ್ಕೂ ಮೀರಿದ ಪುಸ್ತಕ. ಕಟ್ಟಡದ ಆಕಾರವೇ ಕುರ್‌ಆನ್ ಇಟ್ಟು ಓದುವ ಮರದ ಪೀಠದ್ದು. ನಮ್ಮ ಮನೆಗಳಲ್ಲಿ ಅಜ್ಜ ರಾಮಾಯಣ ಇಡುತ್ತಿದ್ದ ವ್ಯಾಸಪೀಠವೂ ಅದೇ ಆಕಾರದ್ದು. ಮೆಟ್ರೊದಲ್ಲಿ ತಿಂದರೆ ಕುಡಿದರೆ 100 ದಿರ್ಹಂ ದಂಡ, ಓದಿದರೆ ದಂಡವಿಲ್ಲ. ಆದರೂ ಗಾಡಿಯಲ್ಲಿ ಓದುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ವಿದ್ಯಾರ್ಥಿ ಓದುಗರಲ್ಲಿ ಎಡದಿಂದ ಬಲಕ್ಕೆ ಹೋಗುವವರು, ಬಲದಿಂದ ಎಡಕ್ಕೆ ಬರುವವರು ಎಂದು ಎರಡು ಮೂಲಭೇದ. ಇಲ್ಲಿನ ಖಾಸಗಿ ಶಾಲೆಗಳಲ್ಲೂ ಅರಬ್ಬಿ ಕಲಿಯುವುದು ಕಡ್ಡಾಯ, ಆದ್ದರಿಂದ ಮಗು ಪುಸ್ತಕವನ್ನು ಹಿಂದಿನಿಂದ ತೆರೆದು ಕೂತಿದ್ದರೆ ಅಮ್ಮನಿಗೆ ನೆಮ್ಮದಿ. ಅರಬ್ಬಿ ಹೋಮ್‌ವರ್ಕ್ ಮಾಡುತ್ತಿದ್ದಾನೆ ಎಂದು ಹಾಲು ತಂದಿಡುತ್ತಾಳೆ. ಜಪಾನಿನ ಮಾಂಗಾ ಚಿತ್ರಕತೆಗಳೂ ಹಿಂದಿನಿಂದಲೇ ತೆರೆಯುತ್ತವೆ ಎಂಬುದು ಆಕೆಗೆ ಗೊತ್ತಾಗಲು ಬಹಳ ಕಾಲ ಬೇಕು. ಗೊತ್ತಾದ ಮೇಲೂ ಹಾಲು ನಿಲ್ಲಿಸಬಾರದೆಂದು ಶಾಸ್ತ್ರದ ಅಭಿಪ್ರಾಯ, ಓದು ಓದೇ.

ಎಡದಿಂದ ಬಲದವರಲ್ಲಿ ಹ್ಯಾರಿ ಪಾಟರ್ ಸಂಪ್ರದಾಯ, ವಿಂಪಿ ಕಿಡ್ ಸಂಪ್ರದಾಯ ಎಂದೆಲ್ಲ ಇವೆ. ಅವರ ಗ್ರಂಥಗಳು ಎಲ್ಲ ಅಂಗಡಿಯಲ್ಲೂ ಸಿಗುವುದರಿಂದ ವಿಸ್ತರಿಸುವುದಿಲ್ಲ. ನವೆಂಬರ್ ಮೊದಲಿಗೆ ಶಾರ್ಜಾ ಪುಸ್ತಕ ಮೇಳ. 1982ರಿಂದ ನಡೆದು ಬಂದ ಈ ಮೇಳಕ್ಕೆ ಮಕ್ಕಳು ಶಾಲೆಯ ಬಸ್ಸಿನಲ್ಲಿ ಹೋಗುತ್ತಾರೆ. ಕೆಲವರು ಪುಸ್ತಕ ತರುತ್ತಾರೆ, ಕೆಲವರು ಪೆನ್ಸಿಲ್ ಕೆರೆಯುವ ಯಂತ್ರ ತರುತ್ತಾರೆ.

ಕನ್ನಡ ಪುಸ್ತಕದ ಕತೆ ಬೇರೆ. ಅದು ಇಲ್ಲಿಗೆ ಬರುವುದು ಅಂಗಡಿಯಿಂದಲ್ಲ, ವಿಮಾನದ ಚೀಲದಿಂದ. ಅದಕ್ಕೆ ತೂಕದ ಮಿತಿ. ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ರಾತ್ರಿ ತೂಕದ ಯಂತ್ರದ ಮುಂದೆ ಕನ್ನಡ ಸಾಹಿತ್ಯದ ನಿಜವಾದ ವಿಮರ್ಶೆ ನಡೆಯುತ್ತದೆ. ಕುಚ್ಚಲಕ್ಕಿ ಮೊದಲು, ಹಪ್ಪಳ ಸಂಡಿಗೆ ಆಮೇಲೆ, ಉಪ್ಪಿನಕಾಯಿ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ (ನಿಷೇಧ ಇಲ್ಲಿಗೆ ತಲುಪಿಲ್ಲ), ಅತ್ತೆ ಕೊಟ್ಟ ಮಾವಿನ ಹಣ್ಣಿನ ಮಾಂಬಳ, ಕೊನೆಗೆ ಪುಸ್ತಕ. ಈ ಪರೀಕ್ಷೆಯಲ್ಲಿ ಭೈರಪ್ಪನವರ 'ಪರ್ವ' ಪ್ರತಿ ಸಲ ಊರಿನಲ್ಲೇ ಉಳಿಯುತ್ತದೆ. ತೇಜಸ್ವಿಯವರ 'ಕರ್ವಾಲೊ' ಉಪ್ಪಿನಕಾಯಿಯ ಪಕ್ಕಕ್ಕೆ ಹೇಗೋ ತೂರಿಕೊಂಡು ದುಬೈ ಸೇರುತ್ತದೆ. ಗುಣದ ಮಾತಲ್ಲ, ಗಾತ್ರದ ಮಾತು. ಎಲ್ಲಕ್ಕಿಂತ ಚೆನ್ನಾಗಿ ಹಾರಿ ಬರುವುದು ರಾಷ್ಟ್ರೋತ್ಥಾನದ ಭಾರತ-ಭಾರತಿಯ ಪುಟಾಣಿ ಪುಸ್ತಕಗಳು. 510 ಪುಸ್ತಕಗಳ ಆ ಮಾಲೆಯಲ್ಲಿ ಹತ್ತನ್ನು ಶರ್ಟಿನ ಮಡಿಕೆಯೊಳಗೆ ಇಟ್ಟರೂ ಯಂತ್ರದ ಮುಳ್ಳು ಅಲುಗುವುದಿಲ್ಲ. ಮುಂದೆ ಹೊರನಾಡಿನ ಮಕ್ಕಳಿಗಾಗಿ ಬರೆಯುವವರು ಗ್ರಾಂ ಲೆಕ್ಕದಲ್ಲಿ ಬರೆಯಬೇಕೆಂದು ಸೂಚನೆ.

ಬಂದ ಪುಸ್ತಕವನ್ನು ಓದುವವರು ಯಾರು? 2014ರಿಂದ 'ಕನ್ನಡ ಮಿತ್ರರು' ಸಂಘದವರು ಇಲ್ಲಿ ಉಚಿತವಾಗಿ ನಡೆಸುತ್ತಿರುವ ಕನ್ನಡ ಪಾಠಶಾಲೆಯಲ್ಲಿ ಒತ್ತಕ್ಷರ ಕಲಿತವರು ಓದುತ್ತಾರೆ, ಬೆರಳಿಟ್ಟು, ನಿಧಾನವಾಗಿ, ಅರ್ಕಾವತ್ತಿಗೆ ಬಂದಾಗ ನಿಂತು. ಮಾತು ಬಂದು ಅಕ್ಷರ ಬಾರದವರಿಗೆ ಅಮ್ಮ ಓದಿ ಹೇಳುತ್ತಾಳೆ. ಇವರನ್ನು ಶ್ರೋತೃಗಳೆಂದು ಬೇರೆ ವರ್ಗ ಮಾಡಿ, ಓದುಗರಿಗಿಂತ ಕೆಳಗಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಗಮಕ, ತಾಳಮದ್ದಳೆಗಳ ಪರಂಪರೆಯಲ್ಲಿ ಕೇಳಿ ಬೆಳೆದವರೇ ಹೆಚ್ಚು. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಮೂರನೆಯ ಬಗೆಯೊಂದು ಹುಟ್ಟಿದೆ: ಕನ್ನಡವನ್ನು ಇಂಗ್ಲಿಷಿನಲ್ಲಿ ಓದುವ ಕನ್ನಡದ ಹುಡುಗಿ. ಓದಿ ಮುಗಿಸಿ ಆಕೆ ಅಮ್ಮನನ್ನು ಕೇಳುತ್ತಾಳೆ, ಇದು ಕನ್ನಡದಲ್ಲಿ ಹೇಗಿತ್ತು ಎಂದು. ಅಮ್ಮ ಓದಿರುವುದಿಲ್ಲ. ಮುಂದಿನ ಸಲ ಊರಿಂದ ಬರುವವರ ಚೀಲದಲ್ಲಿ ಹಪ್ಪಳದ ಒಂದು ಕಟ್ಟು ಕಡಿಮೆಯಾಗುತ್ತದೆ.

ನಿರ್ಣಯ

ಚೀಲಗಳನ್ನೆಲ್ಲ ಬರಿದುಮಾಡಿ ನೋಡಿದ ಮೇಲೆ ಶಾಸ್ತ್ರದ ತೀರ್ಮಾನ ಹೀಗಿದೆ. ಹಸಿರು ಖರೀದಿಯಲ್ಲಿ ಹಸಿರಿನ ಪ್ರಮಾಣ, ಖರೀದಿ ಎಷ್ಟು ಕಡಿಮೆಯೋ ಅಷ್ಟು. ಕೊಳ್ಳುವವರಿಗಿಂತ ಕೈಬದಲಿಸುವವರು ಮೇಲು, ಇವರನ್ನು ದಾಯಹರಿತರು ಎನ್ನೋಣ. ಇವರಿಗೆ ಪರಿಸರದ ಹೆಸರೇ ಗೊತ್ತಿಲ್ಲದಿರಬಹುದು. ನಾಲ್ಕನೆಯ ಮಹಡಿಯ ಅಕ್ಕ ಒಂಬತ್ತನೆಯ ತರಗತಿ ಮುಗಿಸಿದ ಕೂಡಲೇ ಆಕೆಯ ಗಣಿತ ಎರಡನೆಯ ಮಹಡಿಗೆ ಇಳಿಯುತ್ತದೆ, ಪೆನ್ಸಿಲ್ಲಿನ ಉತ್ತರಗಳ ಸಮೇತ. ಸಮವಸ್ತ್ರದ ಅಂಚು ಬಿಚ್ಚಿ ಒಂದು ಅಂಗುಲ ಇಳಿಸಿದರೆ ತಂಗಿಗೆ ಮತ್ತೊಂದು ವರ್ಷ. ಹಳೆಯ ಪುಸ್ತಕದ ಅಂಚಿನಲ್ಲಿ ಹಿಂದಿನವಳು ಬರೆದ "ಈ ಲೆಕ್ಕ ಬರುತ್ತೆ, ನೋಡ್ಕೋ" ಎಂಬ ಸಾಲಿಗಿರುವ ಬೆಲೆ ಹೊಸ ಪುಸ್ತಕಕ್ಕಿಲ್ಲ. ಚೀಲಕ್ಕೂ ಕ್ಷೇಮಕ್ಕೂ ಸಂಬಂಧವೇನೆಂದು ಆರಂಭದಲ್ಲಿ ಬಾಕಿ ಉಳಿಸಿದ್ದೆನಲ್ಲ, ಉತ್ತರ ಇದೇ: ಕ್ಷೇಮ, ಖರೀದಿ, ಓದು ಮೂರೂ ಒಂದು ಚೀಲದಲ್ಲಿ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಬರುತ್ತವೆ.

ಈ ವಂಶಕ್ಕೆ ಈಚೆಗೆ ಕುತ್ತು ಬಂದಿದೆ. ಎನ್‌ಸಿಇಆರ್‌ಟಿ 2024ರಲ್ಲಿ ಮೂರು ಮತ್ತು ಆರನೆಯ ತರಗತಿಗಳಿಗೆ, 2025ರಲ್ಲಿ ನಾಲ್ಕು, ಐದು, ಏಳು, ಎಂಟಕ್ಕೆ ಹೊಸ ಪಠ್ಯ ತಂದಿತು. ಆಯಾ ವರ್ಷ ಮೇಲಿನ ಮಹಡಿಯ ಪುಸ್ತಕಗಳು ಕೆಳಗಿಳಿಯದೆ ರದ್ದಿಯಾದವು. ಪಠ್ಯ ಬದಲಾಗಬೇಕಾದರೆ ಬದಲಾಗಲಿ. ಒಮ್ಮೆ ಬದಲಾದ ಮೇಲೆ ಹತ್ತು ವರ್ಷ ಸುಮ್ಮನಿರಲಿ, ಅಷ್ಟು ಸಾಕು.

ಭಾರತೀಯ ಪಠ್ಯದ ಶಾಲೆಗಳು ಇಲ್ಲಿ ಏಪ್ರಿಲ್‌ನಲ್ಲಿ ಹೊಸ ವರ್ಷ ಶುರುಮಾಡುತ್ತವೆ. ಬದಲಾಗದ ತರಗತಿಯ ಪುಸ್ತಕ ನಿಮ್ಮ ಮಂಚದ ಕೆಳಗಿದ್ದರೆ ಮಾರ್ಚ್ ಮುಗಿಯುವುದರೊಳಗೆ ಲಿಫ್ಟಿನಲ್ಲಿ ಸಿಕ್ಕವರನ್ನು ಒಮ್ಮೆ ಕೇಳಿ. ಪುಸ್ತಕ ಕೊಡುವಾಗ ಮನೆಯಲ್ಲಿರುವ ತಾಂಬೂಲದ ಚೀಲದಲ್ಲೇ ಹಾಕಿ ಕೊಡಿ, ಚೀಲವನ್ನು ವಾಪಸು ಕೇಳಬೇಡಿ.